ಗಾಜಿನೊಳಗಿನ ಕವೆ

ಹಾರನಹಳ್ಳಿಯಿಂದ ಆಚೆಗಿನ ಒಂದು ಊರಿನಲ್ಲಿ ನಾನು ಬಂದವರಿಗೆ ಒಂದು ಮನೆಯನ್ನು ಸುತ್ತಿ ತೋರಿಸುವ ಕೆಲಸ ಮಾಡುತ್ತೇನೆ. ಕರೆಂಟು ಎಷ್ಟೇ ಏರಿಳಿದರೂ ಸುಡದ ಪಂಪನ್ನು ಕಂಡುಹಿಡಿದು ದೇಶಕ್ಕೆಲ್ಲ ಹೆಸರಾದವರು ಹುಟ್ಟಿ ಬೆಳೆದ ಮನೆ ಅದು. ಅವರು ತೀರಿಕೊಂಡ ಮೇಲೆ ಕುಟುಂಬದವರು ಸಮಿತಿ ಮಾಡಿ, ಹೆಂಚು ಬದಲಿಸಿ, ಗೋಡೆಗೆ ಸುಣ್ಣ ಬಳಿದು ಮ್ಯೂಸಿಯಂ ಮಾಡಿದರು. ಮೈಸೂರಿನಲ್ಲಿ ಇತಿಹಾಸ ಎಂ.ಎ. ಮುಗಿಸಿದ್ದ ನನ್ನನ್ನು ಒಂದು ವರ್ಷದ ಕರಾರಿನ ಮೇಲೆ ತೆಗೆದುಕೊಂಡರು. ವಸ್ತುಗಳ ಪಟ್ಟಿ ಬರೆಯುವುದೂ ನನ್ನ ಪಾಲಿನದೇ.

ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಲಗೆ ಇದೆ. ಹಲಗೆಯ ಎರಡು ತುದಿಗೆ ಎರಡು ಕವಲೊಡೆದ ಗೂಟ ನೆಟ್ಟಿದೆ. ಕೆಳಗೆ ಹಿತ್ತಾಳೆಯ ಫಲಕ: ‘ಬಾಲ್ಯದ ಮೊದಲ ಯಂತ್ರ. ಒಂಬತ್ತನೆಯ ವಯಸ್ಸಿನಲ್ಲಿ ಸ್ವಂತ ಕೈಯಿಂದ ತಯಾರಿಸಿದ್ದು.’

ಅದು ಯಂತ್ರವಲ್ಲ, ಹೊಗೆಸೊಪ್ಪು ಕಟ್ಟುವ ಕವೆ. ಕವಲುಗಳ ಮೇಲೆ ಉದ್ದನೆಯ ಕಡ್ಡಿಯನ್ನು ಅಡ್ಡ ಇಟ್ಟು, ಮುಂದೆ ಹೆಂಗಸು ಕೂತು, ಮೂರು ಮೂರು ಎಲೆ ಜೋಡಿಸಿ, ಒಮ್ಮೆ ಈ ಮಗ್ಗುಲಿಗೆ ಒಮ್ಮೆ ಆ ಮಗ್ಗುಲಿಗೆ ದಾರ ಸುತ್ತಿ ಕಟ್ಟುತ್ತಾ ಹೋಗುತ್ತಾಳೆ. ತುಂಬಿದ ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಒಲೆಮನೆಯೊಳಗೆ ಸಾಲಾಗಿ ನೇತುಹಾಕಿ ಕಾವಿನಲ್ಲಿ ಹದ ಮಾಡುತ್ತಾರೆ. ಹಸಿ ಎಲೆಯ ಅಂಟು ಮೊದಲು ಕೈಗೆ ಹತ್ತುತ್ತದೆ, ಕೈಯಿಂದ ಕವೆಗೆ ಹತ್ತಿ ಟಾರಿನಂತೆ ಕಪ್ಪಾಗುತ್ತದೆ. ಪೆಟ್ಟಿಗೆಯೊಳಗಿನ ಕವಲುಗಳೂ ಹಾಗೇ ಕಪ್ಪಾಗಿದ್ದವು. ಸಮಿತಿಯವರು ಅದನ್ನು ಎಂಜಿನ್ ಆಯಿಲ್ ಎಂದುಕೊಂಡಿದ್ದರು.

ಹೊಗೆಸೊಪ್ಪಿನಿಂದಲೇ ಬಾಳಿದ ಮನೆಯವರು ಹೀಗೆ ತಪ್ಪು ತಿಳಿದದ್ದು ನನಗೇನೂ ಆಶ್ಚರ್ಯವಲ್ಲ. ಆ ಮನೆಯ ಗಂಡಸರು ಬ್ಯಾರನ್ನಿನ ಬೆಂಕಿ ನೋಡಿದ್ದರು, ಹರಾಜು ಕಟ್ಟೆ ನೋಡಿದ್ದರು. ಹಿತ್ತಿಲ ಹಲಸಿನ ಮರದಡಿ ಸೊಪ್ಪು ಕಟ್ಟುತ್ತಿದ್ದವರು ಕೂಲಿ ಹೆಂಗಸರು. ಅವರ ಮುಂದೆ ಏನಿತ್ತು ಎಂದು ಬಗ್ಗಿ ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ನನಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೂ ಏಳು ತಿಂಗಳು ಫಲಕದಲ್ಲಿದ್ದಂತೆಯೇ ಹೇಳಿದೆ. ಅಲ್ಲ ಎಂದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ನನ್ನ ಮನೆಯ ವಿಷಯವನ್ನು ಕೆಲಸದ ಕಡೆ ಮಾತಾಡುವುದು ನನಗೆ ಇಷ್ಟವಿರಲಿಲ್ಲ. ಇದೇ ಹಿತ್ತಿಲಲ್ಲಿ ನನ್ನ ಅವ್ವ ಮದುವೆಗೆ ಮುಂಚೆಯೂ ಆಮೇಲೂ ಸೊಪ್ಪು ಕಟ್ಟಿದ್ದಳು ಎನ್ನುವುದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅವ್ವ ಪಿರಿಯಾಪಟ್ಟಣದಲ್ಲಿ ಕಣ್ಣು ತೋರಿಸಿಕೊಂಡು, ನನ್ನ ಜೊತೆ ಬಸ್ಸಿಗೆ ಹೋದರಾಯಿತು ಎಂದು ಅಲ್ಲಿಗೆ ಬಂದಳು. ನಾನು ಜಗಲಿಯಲ್ಲಿ ಕಾಯುತ್ತಿದ್ದೆ. ಅವಳು ಹಿತ್ತಿಲ ಬಾಗಿಲಿಂದ ಬಂದಳು.

“ಮುಂದ್ಲಿಂದ ಬರೋಕೇನವ್ವ?”

“ಕಾಲು ಇತ್ಲಾಗೇ ತಿರುಗ್ತು ಕಣ, ನಾನೇನ್ ಮಾಡ್ಲಿ.”

ನಡುಮನೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಗಾಜಿನ ಮುಂದೆ ನಿಂತಳು. “ಇದ್ಯಾಕವ್ವ ಕವೇನ ಗಾಜ್ನೊಳಕ್ಕೆ ಮಡಗವ್ರೆ? ಓಡೋಯ್ತದಾ?”

ಅವಳಿಗೆ ಓದಲು ಬರುವುದಿಲ್ಲ. ನಾನು ಫಲಕ ಓದಿ ಹೇಳಿದೆ. ಸೆರಗು ಬಾಯಿಗೆ ಹಿಡಿದು ನಕ್ಕಳು. “ಮಿಷನ್ನಾ? ಅಂಗಾರೆ ನಾನೂ ಇಂಜಿನಿಯರೇ ಬುಡು.” ನಗು ನಿಂತ ಮೇಲೆ ಕೇಳಿದಳು: “ಬಂದವ್ರಿಗೆ ನೀನೂ ಇಂಗೇ ಯೋಳ್ತೀಯಾ?”

“ಹೂಂ.”

“ಓದ್ದೋಳು ನೀನು” ಎಂದಳು. ಅಷ್ಟೇ. ಬಸ್ಸಿನಲ್ಲಿ ಕಣ್ಣಿನ ಡಾಕ್ಟರ ವಿಷಯ ಮಾತಾಡಿದಳು.

ಮರುವಾರ ಹುಣಸೂರು ಕಡೆಯಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ತಂಡ ಬಂತು. ಸಮಿತಿಯ ಅಧ್ಯಕ್ಷರೂ ಅಂದು ಮೈಸೂರಿನಿಂದ ಬಂದಿದ್ದರು. ಅವರು ಪಂಪು ಕಂಡುಹಿಡಿದವರ ತಮ್ಮನ ಮಗ, ಯಾರ ಮೇಲೂ ದನಿ ಎತ್ತದ ಮನುಷ್ಯ. ಪೆಟ್ಟಿಗೆಯ ಮುಂದೆ ಒಬ್ಬ ಹುಡುಗಿ ಬಗ್ಗಿ ನೋಡಿ ಕೇಳಿದಳು: “ಮೇಡಂ, ಇದರಲ್ಲಿ ತಿರುಗೋದು ಯಾವುದು?”

ಅವಳ ಹಿಂದೆ ನಿಂತಿದ್ದವಳು ಗೆಳತಿಯ ಕಿವಿಯಲ್ಲಿ, “ನಮ್ಮನೇಲೂ ಐತೆ ಕಣೇ ಇದು, ಕೋಳಿ ಕೂತ್ಕೊತವೆ” ಎಂದಳು. ಅದು ಎಲ್ಲರಿಗೂ ಕೇಳಿಸಿತು.

“ಯಾವುದೂ ತಿರುಗುವುದಿಲ್ಲ. ಇದು ಯಂತ್ರವಲ್ಲ, ಹೊಗೆಸೊಪ್ಪು ಕಟ್ಟುವ ಕವೆ. ಫಲಕ ತಪ್ಪು” ಎಂದೆ.

ಅಧ್ಯಕ್ಷರು ಮುಗುಳ್ನಕ್ಕರು. “ನೋಡಮ್ಮ, ನಿಮಗೆ ಹಾಗನ್ನಿಸಬಹುದು. ಯಾವ ಆಧಾರದ ಮೇಲೆ ಹೇಳ್ತಿದ್ದೀರಿ?”

ಏಳು ತಿಂಗಳು ನಾನು ತಪ್ಪಿಸಿಕೊಂಡು ಬಂದಿದ್ದ ಪ್ರಶ್ನೆ ಅದು.

“ನನ್ನ ತಾಯಿ ನಿಮ್ಮ ಹಿತ್ತಿಲಲ್ಲಿ ಇಂಥದ್ದರ ಮುಂದೆಯೇ ಕೂತು ಸೊಪ್ಪು ಕಟ್ಟಿದ್ದಾರೆ. ಈ ಕಪ್ಪು ಆಯಿಲ್ ಅಲ್ಲ, ಎಲೆಯ ಅಂಟು. ಒದ್ದೆ ಬಟ್ಟೆಯಲ್ಲಿ ಒರೆಸಿ ಮೂಸಿ ನೋಡಿ.”

ಯಾರೂ ಮೂಸಿ ನೋಡಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ನಾನು ಮುಂದಿನ ಕೋಣೆಗೆ ನಡೆದೆ.

ಸಂಜೆ ಅಧ್ಯಕ್ಷರು ಆಫೀಸಿಗೆ ಕರೆದರು. “ದೊಡ್ಡಪ್ಪನವರು ಚಿಕ್ಕವರಿದ್ದಾಗ ಅದರ ಜೊತೆ ಆಡಿರಬಹುದಲ್ವೇ?”

“ಆಡಿರಬಹುದು ಸಾರ್. ಹಾಗಾದರೆ ಆಡಿರಬಹುದು ಅಂತಲೇ ಬರೆಸಿ.”

“ಒಂದು ಕವೆಗೋಸ್ಕರ ಅಷ್ಟು ದೊಡ್ಡವರ ಹೆಸರಿಗೆ ಮಸಿ ಬಳಿಯೋದೇ?”

“ಅವರ ಪಂಪು ಅವರದೇ. ಅದಕ್ಕೆ ಈ ಕವೆಯ ಹಂಗು ಬೇಕಿಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಕೊನೆಗೆ, ಫಲಕದಲ್ಲಿ ಇದ್ದಂತೆ ಹೇಳಲು ಒಪ್ಪಿದರೆ ಮುಂದಿನ ವರ್ಷದ ಕರಾರಿಗೆ ತಮ್ಮ ಅಭ್ಯಂತರವಿಲ್ಲ ಎಂದರು. ಒಪ್ಪುವುದಿಲ್ಲ ಎಂದೆ. ಬೇಕಾದರೆ ನಿಮ್ಮ ತಾಯಿಯವರಿಗೆ ಬೇರೆ ಏನಾದರೂ ಅನುಕೂಲ ಮಾಡಿಕೊಡಬಹುದು ಎಂದರು. ಅವಳು ಏನನ್ನೂ ಕೇಳಿಲ್ಲ ಎಂದೆ.

ಹೊರಡುವ ಮುಂಚೆ ವಸ್ತುಗಳ ರಿಜಿಸ್ಟರು ತೆಗೆದೆ. ‘ಯಂತ್ರ’ ಎಂದು ನಾನೇ ಬರೆದಿದ್ದ ಸಾಲಿನ ಮೇಲೆ, ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆದೆ. ‘ಹೊಗೆಸೊಪ್ಪು ಕಟ್ಟುವ ಕವೆ. ಬಳಸಿದವರು: ಈ ಮನೆಯ ಹಿತ್ತಿಲಲ್ಲಿ ಕೂಲಿಗೆ ಬಂದ ಹೆಂಗಸರು’ ಎಂದು ಬರೆದೆ. ಮಾಹಿತಿ ಕೊಟ್ಟವರು ಎನ್ನುವ ಕಡೆ ಅವ್ವನ ಹೆಸರು, ಊರು. ಕೆಳಗೆ ನನ್ನ ಸಹಿ. ಅಧ್ಯಕ್ಷರು ಎದುರಿಗೇ ಇದ್ದರು. ಅವರು ಓದಲಿ ಎಂದು ಪುಸ್ತಕವನ್ನು ಅವರ ಕಡೆ ತಿರುಗಿಸಿಟ್ಟೆ.

ಕರಾರು ಮುಗಿಯಲು ಇನ್ನೂ ಎರಡು ತಿಂಗಳಿದೆ. ಮಧ್ಯದಲ್ಲಿ ತೆಗೆದರೆ ಕಾರಣ ಬರೆದು ಕೊಡಬೇಕಾಗುತ್ತದೆ. ಆ ಕಾರಣವನ್ನು ಬರೆಯಲು ಯಾರೂ ಮುಂದೆ ಬಂದಿಲ್ಲ. ಫಲಕವನ್ನೂ ತೆಗೆದಿಲ್ಲ. ಜನ ಬಂದಾಗ ನಾನು ಪೆಟ್ಟಿಗೆಯ ಪಕ್ಕ ನಿಂತು ಫಲಕದ ಆ ಎರಡು ಸಾಲನ್ನು ಮೊದಲು ಎಲ್ಲರಿಗೂ ಕೇಳುವಂತೆ ಓದುತ್ತೇನೆ. ಆಮೇಲೆ, ಇದು ತಪ್ಪು ಎನ್ನುತ್ತೇನೆ.