ಓಲೀಟಾಳಿಗೆ ನಾವು ಕೊಟ್ಟ ಅಂಕ

ಓಲೀಟಾ ಫ್ಯೂಗೇಟ್ ನಮ್ಮ ಶಾಲೆಯ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತೆಯಾಗಿದ್ದಳು. ಅದೇ ಶಾಲೆಯ ಅಡುಗೆಮನೆಯಲ್ಲಿ ನಾನು ಇಪ್ಪತ್ತಾರು ವರ್ಷ ಬೀನ್ಸ್ ಬೇಯಿಸಿದೆ. ಮಗು ಬರಲಿಲ್ಲವೆಂದರೆ ಒಂಬತ್ತು ಗಂಟೆಯೊಳಗೆ ಅವಳು ಮನೆಗೆ ಫೋನು ಮಾಡುವಳು. ಯಾವ ಮಗುವಿನ ಅಪ್ಪನಿಗೆ ಗಣಿಯಲ್ಲಿ ಯಾವ ಪಾಳಿ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಒಂದು ವರ್ಷ, ಸುತ್ತಲಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಕಚೇರಿಯವರು ಹಾಜರಿ, ಊಟದ ಲೆಕ್ಕ, ಬಸ್ಸಿನ ಪಟ್ಟಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರು. ಸಿಬ್ಬಂದಿಗೆ ಅದನ್ನು ಕಲಿಸಲು ಒಬ್ಬರು ಮುಖ್ಯಸ್ಥರು ಬೇಕೆಂದರು. ಕಾಲೇಜು ಓದಿರಬೇಕೆಂದಿಲ್ಲ, ಕಲಿಸಲು ಬಂದರೆ ಸಾಕು. ಐವತ್ತೆಂಟು ವರ್ಷದ ಓಲೀಟಾ ಅರ್ಜಿ ಹಾಕಿದಳು.

"ಇಷ್ಟು ವರ್ಷ ಬೇರೆಯವರ ಹೆಸರನ್ನ ಬಾಗಿಲಿಗೆ ಅಂಟಿಸಿದೀನಿ ವರ್ಲಿ," ಎಂದಳು ನನಗೆ. "ಒಂದ್ಸಲ ನನ್ನ ಹೆಸರೂ ಅಂಟಿಸ್ಕೋಬೇಕು ಕಣೇ."

ಬೇಸಿಗೆಯಿಡೀ ತರಬೇತಿಗೆ ಹೋಗಿಬಂದಳು. ಕೊನೆಗೆ ಇಬ್ಬರು ಉಳಿದರು, ಅವಳು ಮತ್ತು ಕೋಲ್ಬಿ ಎಂಬ ಇಪ್ಪತ್ತಾರರ ಹುಡುಗ. ಇಬ್ಬರೂ ಆರು ವಾರ ಪಾಠ ಹೇಳಬೇಕು, ಕಲಿತವರು ಅಂಕ ಕೊಡಬೇಕು, ಹೆಚ್ಚು ಬಂದವರಿಗೆ ಹುದ್ದೆ. ಕೋಲ್ಬಿಗೆ ಟೀಚರುಗಳು ಸಿಕ್ಕರು. ಓಲೀಟಾಳಿಗೆ ನಾವು ಸಿಕ್ಕೆವು: ಅಡುಗೆಯವರು ಎಂಟು ಜನ, ಬಸ್ ಡ್ರೈವರುಗಳು ಆರು ಜನ.

ಅವಳು ನಮ್ಮ ಕೀಬೋರ್ಡನ್ನು ಒಮ್ಮೆಯೂ ಮುಟ್ಟಲಿಲ್ಲ. "ನನ್ನ ಬೆರಳು ಕಲ್ತಾಗಿದೆ, ನಿಮ್ದು ಕಲೀಲಿ," ಎನ್ನುವಳು.

"ಇದಕ್ಕೆ ಬ್ರೇಕ್ ಎಲ್ಲಿದೆ ತಾಯಿ?" ಎಂದು ಡ್ರೈವರ್ ಡೆನ್ಜಿಲ್ ಕೇಳಿದ.

"ನಿನ್ನ ಬಾಯಿಗೆ ಇಲ್ಲ, ಇದಕ್ಕೆಲ್ಲಿಂದ ಬರ್ಬೇಕು? ಒತ್ತು."

ಆರನೆಯ ವಾರಕ್ಕೆ ನಾನೊಬ್ಬಳೇ ನಾನೂರು ಊಟದ ಲೆಕ್ಕ ಹಾಕುತ್ತಿದ್ದೆ. ನನ್ನಂಥವಳಿಗೆ ಅದು ಸಣ್ಣ ಮಾತಲ್ಲ.

ಕೊನೆಯ ದಿನ ಡಿಸ್ಟ್ರಿಕ್ಟಿನ ಸ್ಟಿಡಮ್ ಸಾಹೇಬರು ಬಂದು ಓಲೀಟಾಳನ್ನು ಹೊರಗೆ ಕಳಿಸಿದರು. ಅದು ನಿಯಮ. ಪರದೆಯ ಮೇಲೆ ಪಾಠದ ಬಗ್ಗೆ ಹತ್ತು ಪ್ರಶ್ನೆ, ಪ್ರತಿಯೊಂದರ ಮುಂದೆ ಒಂದರಿಂದ ಐದರ ತನಕ ಅಂಕ. ಮೇಲೆ ಸಣ್ಣಕ್ಷರದಲ್ಲಿ ಏನೋ ಬರೆದಿತ್ತು. ನಾವು ಓದಲಿಲ್ಲ. ಅಡುಗೆಮನೆಯ ತಪಾಸಣೆ ಹಾಳೆಯಲ್ಲಿ ಒಂದು ಎಂದರೆ ಕುಂದಿಲ್ಲ, ಐದು ಎಂದರೆ ಬಾಗಿಲಿಗೆ ಬೀಗ. ಬಸ್ಸಿನ ಹಾಳೆಯೂ ಹಾಗೆಯೇ. ಎರಡೂ ಹಾಳೆ ಅದೇ ಡಿಸ್ಟ್ರಿಕ್ಟ್ ಕಚೇರಿಯಿಂದ ಬರುತ್ತಿದ್ದವು. ಆ ಒಂದಕ್ಕಾಗಿ ನಾನು ಪ್ರತಿವರ್ಷ ಒಲೆಯ ಹಿಂದೆ ಮಂಡಿಯೂರಿ ಉಜ್ಜಿದ್ದೇನೆ.

ಹದಿನಾಲ್ಕು ಜನರೂ ಹತ್ತು ಸಲ ಒಂದು ಒತ್ತಿದೆವು. "ಒಂದಕ್ಕಿಂತ ಕಮ್ಮಿ ಇದ್ದಿದ್ರೆ ಅದನ್ನೇ ಕೊಡ್ತಿದ್ದೆ," ಎಂದ ಡೆನ್ಜಿಲ್.

ಎಂಟು ದಿನಕ್ಕೆ ಕಾಗದ ಬಂತು. ಹುದ್ದೆ ಕೋಲ್ಬಿಗೆ. ಓಲೀಟಾ ಕಾಗದ ಹಿಡಿದು ಅಡುಗೆಮನೆಗೆ ಬಂದಳು.

"ನೀನು ಏನು ಒತ್ತಿದೆ?"

"ಒಂದು. ಎಲ್ಲದಕ್ಕೂ."

ನಮ್ಮ ತಪಾಸಣೆ ಹಾಳೆಗಳನ್ನು ಫೈಲಿಗೆ ಹಾಕುತ್ತಿದ್ದವಳೇ ಅವಳು. ನಾನು ಬಿಡಿಸಿ ಹೇಳಬೇಕಾಗಲಿಲ್ಲ. "ನಿಮಗೆ ಕಂಪ್ಯೂಟರ್ ಪೂರ್ತಿ ಹೇಳ್ಕೊಟ್ಟೆ," ಎಂದಳು, "ಇದೊಂದು ಹೇಳ್ಬೇಕು ಅಂತ ಹೊಳೀಲಿಲ್ಲ ನಂಗೆ."

ಮರುದಿನ ನಾನೂ ಡೆನ್ಜಿಲನೂ ಸ್ಟಿಡಮ್ ಸಾಹೇಬರ ಬಳಿ ಹೋದೆವು.

"ತಪ್ಪು ನಮ್ದು ಸರ್, ತಿದ್ಕೊಡಿ," ಎಂದ ಡೆನ್ಜಿಲ್.

"ಫಲಿತಾಂಶ ಹೊರಗ್ಬಿದ್ದಾಯ್ತಪ್ಪ. ಮೇಲೆ ಬರ್ದಿತ್ತಲ್ಲ, ಓದೋದಲ್ವಾ?" ಅವರು ಸಿಟ್ಟಾಗಲಿಲ್ಲ, ನಕ್ಕರು. "ಆರು ವಾರ ಕಲ್ತೂ ಒಂದು ಫಾರಂ ತುಂಬೋಕೆ ಬರ್ಲಿಲ್ಲ ಅಂದ್ರೆ, ಪಾಠ ಹೇಗಿತ್ತು ಅಂತ ನೀವೇ ಹೇಳ್ದಂಗಾಯ್ತು."

ನಾವಿಬ್ಬರೂ ಬಂದ ದಾರಿಗೇ ವಾಪಸಾದೆವು.

ಅಕ್ಟೋಬರಿನಲ್ಲಿ ಕೋಲ್ಬಿಯ ಮೊದಲ ಪಾಠ. ಎಲ್ಲರೂ ಹೋಗಲೇಬೇಕಿತ್ತು, ಓಲೀಟಾಳೂ. ಅವಳು ಬರೆದಿಟ್ಟ ಪಾಠಗಳನ್ನು ಡಿಸ್ಟ್ರಿಕ್ಟ್ ಕಚೇರಿಯವರು ಅವನಿಗೆ ಕೊಟ್ಟಿದ್ದರು. ಅವನು ಅದೇ ಕ್ರಮದಲ್ಲಿ ಹೇಳಿದ. ಮುಗಿದ ಮೇಲೆ ಅಂಕ ಕೊಡಿ ಎಂದು ಹೊರಗೆ ಹೋದ.

ಓಲೀಟಾ ಮೇಲಿನ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದಳು. "ಐದು ಅಂದ್ರೆ ತುಂಬ ಚೆನ್ನಾಗಿದೆ. ಗೊತ್ತಾಯ್ತಾ? ಐದು."

"ಇವ್ನಿಗೆ ಒಂದು ಬಿಗೀಲಾ?" ಎಂದ ಡೆನ್ಜಿಲ್.

"ಹುಡುಗ ಚೆನ್ನಾಗೇ ಹೇಳ್ದ. ಐದು ಒತ್ತು."

ಒತ್ತಿದೆವು. ಅವಳೂ ಒತ್ತಿದಳು, ಹತ್ತು ಸಲ. ಕೋಲ್ಬಿ ಒಳಗೆ ಬಂದು ಅಂಕ ನೋಡಿದ. ಟೀಚರುಗಳೂ ಇಷ್ಟು ಕೊಟ್ಟಿರಲಿಲ್ಲ ಎಂದು ಹಿಗ್ಗಿ, ಬಾಗಿಲ ಹತ್ತಿರ ಕೂತಿದ್ದ ಓಲೀಟಾಳ ಕೈಯನ್ನೇ ಮೊದಲು ಕುಲುಕಿದ.