ಗಂಟಿಲ್ಲದ ಹೊಲಿಗೆ

ಬುಧವಾರ, ಬೆಳಗಿನ ಐದೂವರೆ. ಜಪಾನಿನ ಕೋಬೆಯ ಕಿತಾನೊ ಏರಿನಲ್ಲಿ ಒಂದೇ ಒಂದು ಕಿಟಕಿಗೆ ದೀಪವಿದೆ. ಅದರ ಹಿಂದೆ ಎಂಬತ್ತಾರು ವರ್ಷದ ಖತೂನ್ ಸೋಫೇರ್ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಹುಡುಗರ ಪ್ಯಾಂಟುಗಳ ಅಂಚು ಮಡಿಸುತ್ತಿದ್ದಾರೆ. ಏಳೂವರೆಗೆ ಕೆಳಗಿನ ಪೇಟೆಯ ಸಮವಸ್ತ್ರದ ಅಂಗಡಿಯವರು ಬರುತ್ತಾರೆ. ಅಷ್ಟರಲ್ಲಿ ಇಪ್ಪತ್ತು ಪ್ಯಾಂಟು ಮುಗಿಯಬೇಕು.

"ಬಾಗಿಲು ತೆಗೆದೇ ಇದೆ, ಬಾ," ಎಂದು ತಲೆ ಎತ್ತದೆ ಕರೆಯುತ್ತಾರೆ. "ಇವತ್ತು ಬರ್ತೀಯೋ ಇಲ್ವೋ ಅಂದ್ಕೊಂಡಿದ್ದೆ."

"ಬರ್ತೀನಿ ಅಂತ ಬರೆದಿಟ್ಟಿತ್ತು, ಖಾಲಾ."

ಬರೆದಿಟ್ಟವನು ನನ್ನ ಗಂಡ ಹೆಸ್ಕೆಲ್. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈ ದಿನದ ಚೌಕದೊಳಗೆ ಅವನ ಕೈಬರಹವಿದೆ: ಖತೂನ್ ಖಾಲಾ, 5.30. ನಮ್ಮವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಪತ್ರಿಕೆಯ ಪುಟದಲ್ಲಿ ಊರಿನವರ ಬಗ್ಗೆಯೆಲ್ಲ ಬರೆಯುತ್ತೀಯ, ಅವರ ಬಗ್ಗೆ ಮಾತ್ರ ಬರೆದಿಲ್ಲ ಎಂದು ತಿಂಗಳ ಹಿಂದೆ ಅವನೇ ಈ ಭೇಟಿ ಗೊತ್ತುಮಾಡಿದ್ದ. ಹೋದ ವಾರ ಮಂಗಳವಾರ ಸನ್ನೊಮಿಯಾ ನಿಲ್ದಾಣದ ಮೆಟ್ಟಿಲಿನಲ್ಲಿ ಕುಸಿದು ಸತ್ತ. ಅವನಿಗೆ ಮೂವತ್ತನಾಲ್ಕು ವರ್ಷ. ಮರುದಿನ ಬೆಟ್ಟದ ಮೇಲಿನ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ನಮ್ಮ ಯಹೂದಿ ಪದ್ಧತಿಯಂತೆ ಸೂತಕದ ಏಳು ದಿನ ನೆಲದ ಮೇಲೆ ಕೂತಿದ್ದೆ. ನಿನ್ನೆ ಎದ್ದೆ. ಇವತ್ತು ಕಸ ಹೊರಗಿಟ್ಟು ಬಂದಿದ್ದೇನೆ. ಬುಧವಾರ ಬಾಟಲಿಗಳ ಕಸ ಒಯ್ಯುವ ದಿನ. ಎರಡು ವಾರ ಮಗಳ ಮನೆಯಲ್ಲಿದ್ದು ಬಂದ ಪಕ್ಕದ ಮನೆಯ ಮೊರೀತಾ-ಸಾನ್, "ಇವತ್ತು ನೀವೇ ಬಂದ್ರಾ? ಯಜಮಾನರು ಊರಲ್ಲಿಲ್ವಾ?" ಎಂದು ಕೇಳಿದರು. "ಇಲ್ಲ" ಎಂದೆ. ಅದು ಸುಳ್ಳೇನಲ್ಲ.

ಖತೂನ್ ಖಾಲಾ ಒಣನಿಂಬೆಯ ಚಹಾ ಬಗ್ಗಿಸಿ ಕೊಟ್ಟು ನನ್ನ ಕೊರಳಪಟ್ಟಿಯನ್ನು ನೋಡುತ್ತಾರೆ. ಮಣ್ಣು ಮಾಡುವ ಹೊತ್ತಿನಲ್ಲಿ ಪದ್ಧತಿಯಂತೆ ಹರಿದುಕೊಂಡ ಅಂಗಿಯನ್ನೇ ನಾನಿನ್ನೂ ತೊಟ್ಟಿದ್ದೇನೆ. ಅವರು ಹರಕನ್ನು ಎರಡು ಬೆರಳಲ್ಲಿ ಹಿಡಿದು ಅಳೆಯುತ್ತಾರೆ, ಬೇರೆ ಯಾವುದೇ ಬಟ್ಟೆಯನ್ನು ಅಳೆಯುವ ಹಾಗೆ.

"ಗಂಡನಿಗೆ ಹರಿದದ್ದನ್ನ ಏಳು ದಿನ ಆದ್ಮೇಲೆ ಕಚ್ಚಾ ಹೊಲಿಗೆ ಹಾಕ್ಕೋಬಹುದು. ಮೂವತ್ತು ದಿನಕ್ಕೆ ಸರಿಯಾಗಿ ಹೊಲೀಬಹುದು. ಅಪ್ಪ ಅಮ್ಮನಿಗೆ ಹರಿದದ್ದಾದ್ರೆ ಯಾವತ್ತೂ ಸರಿಯಾಗಿ ಹೊಲಿಯೋ ಹಾಗಿಲ್ಲ."

"ಗಂಡನಿಗೆ ಮೂವತ್ತೇ ದಿನಾನಾ?"

"ನಿಯಮ ಬರೆದವರು ಗಂಡಸರು ಕಣೇ. ಅವರಿಗೆ ಅಷ್ಟು ಸಾಕಾಗ್ತಿತ್ತೋ ಏನೋ."

ಪ್ಯಾಂಟು ಮಡಿಸುವುದು ಖತೂನ್ ಖಾಲಾ ಅವರ ಹೊಟ್ಟೆಪಾಡು. ಅವರ ಇನ್ನೊಂದು ಕೆಲಸ ನಮ್ಮವರಿಗಷ್ಟೇ ಗೊತ್ತು, ನಮ್ಮವರೂ ಅದರ ಮಾತು ಆಡುವುದಿಲ್ಲ. ಈ ಊರಿನಲ್ಲಿ ಯಹೂದಿಗಳ ಮನೆ ಮೂವತ್ತು. ಹೆಚ್ಚಿನವರ ಅಜ್ಜಂದಿರು ಬಾಗ್ದಾದಿನಿಂದ ಬಟ್ಟೆಯ, ಮುತ್ತಿನ ವ್ಯಾಪಾರಕ್ಕೆ ಬಂದವರು. ಆ ಮನೆಗಳಲ್ಲಿ ಯಾರು ಸತ್ತರೂ, ಮೈ ತೊಳೆದ ಮೇಲೆ ತೊಡಿಸುವ ಬಿಳಿಯ ಉಡುಪು ಇವರ ಕೈಯದು. ನಲವತ್ತಮೂರು ವರ್ಷ, ಅರವತ್ತನಾಲ್ಕು ಉಡುಪು. ಕೂಲಿ ಇಲ್ಲ.

ಒಂದು ಉಡುಪಿಗೆ ಹತ್ತು ಮೀಟರು ಬಟ್ಟೆ. ಒಳಂಗಿ, ಮೇಲಂಗಿ, ಷರಾಯಿ, ನಡುಪಟ್ಟಿ, ಟೋಪಿ, ಹೊದಿಕೆ. ಬಟ್ಟೆಯನ್ನು ಕತ್ತರಿಸುವಂತಿಲ್ಲ, ಕೈಯಿಂದಲೇ ಹರಿಯಬೇಕು. ಗುಂಡಿ ಇಲ್ಲ, ಜೇಬು ಇಲ್ಲ. ದಾರಕ್ಕೆ ಗಂಟು ಹಾಕುವ ಹಾಗಿಲ್ಲ, ಆರಂಭದಲ್ಲೂ ಇಲ್ಲ ಕೊನೆಯಲ್ಲೂ ಇಲ್ಲ. ಯಂತ್ರ ಮುಟ್ಟುವ ಹಾಗಿಲ್ಲ. ಹನ್ನೆರಡು ಗಂಟೆಯ ಕೆಲಸ.

"ಯಂತ್ರದಲ್ಲಿ ಹೊಲಿದರೆ ಏನಾಗುತ್ತೆ?"

"ಬೇಗ ಮುಗಿದುಹೋಗುತ್ತೆ. ಅಷ್ಟು ವರ್ಷ ಬದುಕಿದ ಮನುಷ್ಯನ ಬಗ್ಗೆ ಹನ್ನೆರಡು ಗಂಟೆ ಯೋಚನೆ ಮಾಡೋಕಾಗಲ್ವಾ ನಮಗೆ? ಹೊಲಿಯೋವಾಗ ಅವರ ಬಗ್ಗೇನೇ ಯೋಚನೆ ಮಾಡ್ಬೇಕು. ಅಡುಗೆ ಬಗ್ಗೆ ಮಾಡಿದ್ರೆ ಹೊಲಿಗೆ ಓಡಲ್ಲ."

ಮೊದಲನೆಯದನ್ನು ಅವರು ಹೊಲಿದದ್ದು ಗಂಡ ಶಾವೂಲನಿಗೆ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ. ಅತ್ತೆ ಪಕ್ಕದಲ್ಲಿ ಕೂತು ಹೇಳಿಕೊಟ್ಟರಂತೆ. ಮಗನಿಗೆ ಉಡುಪು ಹೊಲಿಯಲು ಸೊಸೆಗೆ ಹೇಳಿಕೊಟ್ಟ ಆ ಅತ್ತೆಯ ಬಗ್ಗೆ ಕೇಳಿದರೆ, "ಒಂದು ಸಲ ಕೂಡ ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯ್ತು," ಎನ್ನುತ್ತಾರೆ. ಆಮೇಲೆ ಭೂಕಂಪದ ಚಳಿಗಾಲ ಬಂತು, ಅವರ ಹೊಲಿಗೆಯ ಅಂಗಡಿ ಸುಟ್ಟುಹೋಯಿತು. ಎರಡು ತಿಂಗಳು ಶಾಲೆಯೊಂದರ ಹಾಲ್‌ನಲ್ಲಿ ಮಲಗಿ, ಅಕ್ಕಪಕ್ಕದವರ ಹರಿದ ಕೋಟುಗಳನ್ನು ಹೊಲಿದುಕೊಟ್ಟರು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ದೂರ ಹೋದರು. ಇವರು ಏರಿನ ಮೇಲೆಯೇ ಉಳಿದರು.

ಖತೂನ್ ಖಾಲಾ ಎತ್ತರದ ಹೆಂಗಸು. ಆರಡಿಗೆ ಎರಡು ಬೆರಳು ಕಡಿಮೆ, ಭುಜ ಗಂಡಸರಷ್ಟು ಅಗಲ. "ಈ ಊರಲ್ಲಿ ಹುಟ್ಟಿದೆ, ಈ ಊರಲ್ಲೇ ಮುದುಕಿಯಾದೆ. ನನ್ನ ಅಳತೆ ಬಟ್ಟೆ ಒಂದು ಅಂಗಡೀಲೂ ಸಿಗಲಿಲ್ಲ. ಹುಡುಗಿಯಾಗಿದ್ದಾಗ ಅಂಗಡಿಯವಳು, 'ನಿಮ್ಮ ಅಣ್ಣನಿಗಾ?' ಅಂತ ಕೇಳ್ತಿದ್ಲು."

ಅವರ ಮೇಜಿನ ಕೆಳಗೆ ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಅದರ ತುಂಬ ಬಟ್ಟೆಯ ಸುರುಳಿಗಳು. ಪ್ರತಿ ಉಡುಪು ಹೊಲಿಯುವಾಗಲೂ ಬಟ್ಟೆಯ ಅಂಚನ್ನು ಒಂದು ಬೆರಳಗಲ ಹರಿದು, ಸುತ್ತಿ, ಹೆಸರಿನ ಚೀಟಿ ಚುಚ್ಚಿ ಇಡುತ್ತಾರೆ. ಸತ್ತವರ ವರ್ಷದ ದಿನ ಮನೆಯವರು ಬಂದರೆ ಸುರುಳಿ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಆ ಮನುಷ್ಯನ ಕಥೆ ಹೇಳುತ್ತಾರೆ. ಬದುಕಿದ್ದಾಗ ಎಲ್ಲರೂ ಇವರ ಹತ್ತಿರವೇ ಬಟ್ಟೆ ಸರಿಮಾಡಿಸಿಕೊಂಡವರು. ಹಾಗಾಗಿ ಇವರಿಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿರುವುದಿಲ್ಲ.

"ಇದು ಮೊಶೀ ಗಬ್ಬಾಯ್. ನಲವತ್ತು ವರ್ಷ ಮಾದರಿ ಬಟ್ಟೆಯ ಪೆಟ್ಟಿಗೆ ಹೊತ್ತು ಎಡಭುಜ ಇಳಿದುಹೋಗಿತ್ತು. ಹೆಂಡತಿಗೇ ಗೊತ್ತಿರಲಿಲ್ಲ, ಎಲ್ಲ ಕೋಟುಗಳಿಗೂ ಆ ಕಡೆ ಹತ್ತಿ ತುಂಬಿಕೊಡ್ತಿದ್ದೆ. ಇವನ ಉಡುಪಿಗೂ ತುಂಬೋಣ ಅನ್ನಿಸಿತ್ತು, ಆದ್ರೆ ತುಂಬೋ ಹಾಗಿಲ್ಲ. ಇದು ಲೂಲೂ. ಮೂವತ್ತು ವರ್ಷ ತನ್ನ ಸೊಂಟ ಇಪ್ಪತ್ತೆಂಟು ಅಂತಲೇ ಸಾಧಿಸಿದ್ಲು. ನಾನು ಹೇಳದೆ ಬಿಚ್ಚಿ ಸಡಿಲ ಮಾಡ್ಕೊಡ್ತಿದ್ದೆ. ಕೊನೇ ಉಡುಪು ಮಾತ್ರ ನಿಜವಾದ ಅಳತೆಗೆ ಹೊಲಿದೆ. ಅವಳ ಮರ್ಯಾದೆ ತೆಗೆದದ್ದು ಅದೊಂದೇ ಸಲ."

ಡಬ್ಬಿಯ ಮೇಲುಗಡೆಯೇ ಹೆಸ್ಕೆಲ್‌ನ ಹೆಸರಿದೆ. ನಾನು ಕೈಹಾಕಿ ತೆಗೆಯುತ್ತೇನೆ. ಬೇರೆ ಸುರುಳಿಗಳಲ್ಲಿ ಹೊಸವು ಬೆಳ್ಳಗಿವೆ, ಹಳೆಯವು ಹಳದಿಗಟ್ಟಿವೆ. ಅವನು ಸತ್ತು ಒಂಬತ್ತು ದಿನವೂ ಆಗಿಲ್ಲ. ಅವನ ಅಂಚು ಚಹಾದಲ್ಲಿ ಅದ್ದಿದಂತೆ ಹಳದಿಯಾಗಿದೆ.

"ಇದು ಹಳೇ ಬಟ್ಟೆ, ಖಾಲಾ."

ಅವರು ಯಂತ್ರ ನಿಲ್ಲಿಸುತ್ತಾರೆ. "ಕೇಳಲ್ಲ ಅಂದ್ಕೊಂಡಿದ್ದೆ."

"ಯಾರದ್ದು?"

"ಇಪ್ಪತ್ತೆರಡು ವರ್ಷದ ಹಿಂದೆ ಹೊಲಿದದ್ದು."

"ಯಾರಿಗೆ?"

ಅವರು ಕೈಯನ್ನು ಮೇಜಿನ ಮೇಲಿಡುತ್ತಾರೆ. ಆಗ ನೋಡುತ್ತೇನೆ, ಬಲಗೈ ನಡುಗುತ್ತಿದೆ. ಯಂತ್ರದ ಮೇಲೆ ಇಟ್ಟಾಗ ಕಾಣುತ್ತಿರಲಿಲ್ಲ.

"ಮಂದಿರದಲ್ಲಿ ಮೈ ತೊಳೆಸೋ ಎಜ್ರಾ ಫೋನ್ ಮಾಡಿದ. 'ಖಾಲಾ, ಇಲ್ಲಿಯ ಬೀರುವಿನಲ್ಲಿ ಎರಡು ಉಡುಪು ಇದಾವೆ, ಎರಡೂ ಇವನ ಮೊಣಕಾಲಿಗೆ ಬರ್ತವೆ' ಅಂದ. ಮೊದಲಾಗಿದ್ರೆ ಒಂದು ಹಗಲಲ್ಲಿ ಹೊಲೀತಿದ್ದೆ. ಈ ವಸಂತದಿಂದ ಕೈ ಹೀಗಾಗಿದೆ, ಸೂಜಿ ನಿಲ್ಲಲ್ಲ. ಏನು ಮಾಡ್ಲಿ? ಅವನನ್ನ ಮೋಟು ಬಟ್ಟೇಲಿ ಕಳಿಸ್ಲಾ? ಇಡೀ ಊರಿಗೆ ಪ್ಯಾಂಟು ಮೋಟು ಮಾಡಿಕೊಡೋಳು, ನಿನ್ನ ಗಂಡನಿಗೊಬ್ಬನಿಗೇ ಉದ್ದ ಮಾಡ್ಕೊಡ್ತಿದ್ದೆ. ನಂದು ಇತ್ತು. ನನಗೆ ಅಂತ ಹೊಲಿದಿಟ್ಟದ್ದು. ಅವನಿಗೆ ಸರಿಹೋಯ್ತು. ಟೋಪಿ ಮಾತ್ರ ಬೇರೆ ಬೇಕಿತ್ತು, ಅದನ್ನ ಹೇಗೋ ಹೊಲಿದೆ. ಹೊಲಿಗೆ ಡೊಂಕಾಗಿತ್ತು, ತಪ್ಪು ತಿಳೀಬೇಡ."

ನಾನು ಚಹಾದ ಲೋಟ ಕೆಳಗಿಡುತ್ತೇನೆ. ಎಲ್ಲಿಟ್ಟೆ ಎಂದು ಆಮೇಲೆ ಗೊತ್ತಾಗುವುದಿಲ್ಲ. ಬೆಟ್ಟದ ಮೇಲೆ ಮಣ್ಣಿನಡಿ ನನ್ನ ಗಂಡ ಈ ಹೆಂಗಸಿನ ಬಟ್ಟೆ ತೊಟ್ಟು ಮಲಗಿದ್ದಾನೆ. ಏಳು ದಿನ ನನ್ನ ಪಕ್ಕದಲ್ಲಿ ಕೂತು ಮೊಟ್ಟೆ ಸುಲಿದು ಕೊಟ್ಟವರಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ.

"ಕೊಟ್ಟದ್ದನ್ನ ಹೇಳ್ಬಾರದು," ಎನ್ನುತ್ತಾರೆ ಖಾಲಾ. "ಅಷ್ಟಕ್ಕೂ ನಾನೇನೂ ಕೊಟ್ಟಿಲ್ಲ. ಎರವಲು ತಗೊಂಡು ಹೋಗಿದಾನೆ. ಎರವಲು ತಗೊಂಡದ್ದನ್ನ ವಾಪಸ್ ಕೊಟ್ಟೋನೇ ಅಲ್ಲ ಮಹಾಶಯ. ನನ್ನ ಕಪ್ಪು ಕೊಡೆ ನಿಮ್ಮನೇಲೇ ಇದೆ."

ಇದೆ. ಬಾಗಿಲ ಪಕ್ಕ ಐದು ಕೊಡೆಗಳಿವೆ. ಒಂದೂ ನಮ್ಮದಲ್ಲ.

"ಈಗ ನಿಮಗೆ?" ಎಂದು ಕೇಳುತ್ತೇನೆ.

ಮುಂದಿನ ವಾರದ ಗುರುವಾರ ಅವರು ಆಸ್ಪತ್ರೆ ಸೇರಬೇಕು. ಮರುದಿನ ಹೃದಯದ ಶಸ್ತ್ರಚಿಕಿತ್ಸೆ. ಈ ವಯಸ್ಸಿನಲ್ಲಿ ಉಳಿಯುವುದು ಅರ್ಧಕ್ಕರ್ಧ ಎಂದು ವೈದ್ಯರು ಹೇಳಿದ್ದಾರೆ. ಇಲ್ಲಿ ಬೇರೆ ಯಾರಿಗೂ ಈ ಹೊಲಿಗೆ ಬಾರದು. ಜೆರುಸಲೇಮಿನಿಂದ ತರಿಸಬಹುದು, ಮೂರು ವಾರ ಬೇಕು. "ಅಲ್ಲಿಂದ ಡಬ್ಬೀಲಿ ಬರೋದೆಲ್ಲ ಮೀಡಿಯಂ," ಎನ್ನುತ್ತಾರೆ ಖಾಲಾ. "ಹುಟ್ಟಿದಾಗಿಂದ ಬಿಗಿ ಬಟ್ಟೇಲೇ ಇದ್ದೆ. ನನ್ನ ಮೈಗೆ ಸರಿಯಾಗಿ ಆಗಿದ್ದು ಅದೊಂದೇ."

"ನಾನು ಹೊಲೀತೀನಿ."

"ನಿನಗೆ ಏನು ಬರುತ್ತೆ?"

"ಗುಂಡಿ ಹಾಕೋಕೆ."

"ಅದೊಂದು ಇದಕ್ಕೆ ಬೇಡ."

ನಡುವೆ ಬರುವ ಶನಿವಾರ ನಮ್ಮ ವಿಶ್ರಾಂತಿಯ ದಿನ, ಸೂಜಿ ಮುಟ್ಟುವಂತಿಲ್ಲ. ಉಳಿಯುವುದು ಏಳು ಬೆಳಗು. ಮರುದಿನ, ಗುರುವಾರ, ಬೆಳಿಗ್ಗೆ ಐದೂವರೆಗೆ ಹತ್ತು ಮೀಟರು ಬಿಳಿ ಬಟ್ಟೆ ತರುತ್ತೇನೆ. ಅಳೆಯಲು ಟೇಪ್ ಎತ್ತಿದರೆ ಕೈಗೆ ಹೊಡೆಯುತ್ತಾರೆ.

"ಬದುಕಿರೋಳಿಗೆ ಹಿಡೀಬೇಡ ಅದನ್ನ. ಅದೂ ಆಸ್ಪತ್ರೆಗೆ ಹೋಗೋ ವಾರ."

"ಮತ್ತೆ ಅಳತೆ?"

"ನಿಮ್ಮನೇಲಿ ಇದೆಯಲ್ಲ. ಉಪವಾಸದ ದಿನ ಹಾಕ್ಕೋತಿದ್ನಲ್ಲ, ಆ ಬಿಳೀ ಅಂಗಿ ತಗೊಂಡ್ಬಾ. ನಂದು ಅವನಿಗೆ ಆಯ್ತು ಅಂದ್ರೆ ಅವನದ್ದು ನನಗೂ ಆಗುತ್ತೆ."

ಮನೆಗೆ ಹೋಗಿ, ಬೀರು ತೆರೆದು ಅಂಗಿ ತರುತ್ತೇನೆ. ಅದನ್ನು ಮೇಜಿನ ಮೇಲೆ ತೋಳು ಚಾಚಿ ಮಲಗಿಸಿ, ಅದರ ಸುತ್ತ ಬಟ್ಟೆ ಹರಿಯುತ್ತೇವೆ. ಹರಿಯುವ ಸದ್ದು ದೊಡ್ಡದು. ಕೊರಳಪಟ್ಟಿ ಹರಿದಾಗಲೂ ಹೀಗೇ ಕೇಳಿಸಿತ್ತು.

ಮೊದಲ ಬೆಳಿಗ್ಗೆ ಎರಡು ಗಂಟೆ ಹೊಲಿಯುತ್ತೇನೆ. ಖಾಲಾ ತಮ್ಮ ಪ್ಯಾಂಟುಗಳನ್ನು ಮುಗಿಸಿ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿ, ಅಷ್ಟನ್ನೂ ಬಿಚ್ಚಿಸುತ್ತಾರೆ. ದಾರದ ತುದಿಗೆ ಗಂಟು ಹಾಕಿದ್ದೇನೆ. ಹಾಕಿದ್ದು ನನಗೆ ಗೊತ್ತೇ ಇಲ್ಲ. ಬೆರಳು ತಾನಾಗಿ ಹಾಕುತ್ತದೆ. ಎರಡನೆಯ ಬೆಳಿಗ್ಗೆಯೂ ಹಾಕುತ್ತದೆ.

"ಗಂಟು ಹಾಕದಿದ್ರೆ ಬಿಚ್ಚಿಹೋಗಲ್ವಾ?"

"ಹೋಗುತ್ತೆ. ಬಿಚ್ಚಿಹೋಗ್ಲಿ ಅಂತಲೇ ಹೊಲಿಯೋದು."

ಸೋಮವಾರದ ಹೊತ್ತಿಗೆ ಬೆರಳಿಗೆ ಅಭ್ಯಾಸವಾಗುತ್ತದೆ. ಅವರು ನನ್ನ ಎದುರು ಕೂತು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೋಡುತ್ತಾರೆ.

"ಏನು ಯೋಚನೆ ಮಾಡ್ತಿದೀಯ?"

"ನಿಮ್ಮ ಬಗ್ಗೆ."

"ಸುಳ್ಳು."

"ಕೊಡೆಗಳ ಬಗ್ಗೆ."

"ಮಾಡ್ಕೋ," ಎನ್ನುತ್ತಾರೆ. "ಅವನಿಗೆ ಅಂತ ಯಾರೂ ಹನ್ನೆರಡು ಗಂಟೆ ಕೂರಲಿಲ್ಲ. ನಂದನ್ನ ಹೊಲೀತಾ ಅವನಿಗೂ ಕೂತುಬಿಡು."

ಹೊಲಿಯುತ್ತೇನೆ. ಅವನು ಬಾಗಿಲುಗಳಲ್ಲಿ ತಲೆ ಬಗ್ಗಿಸುತ್ತಿದ್ದುದು. ಮುತ್ತಿನ ಅಂಗಡಿಯಲ್ಲಿ ಉತ್ತರದ ಕಿಟಕಿಯ ಬೆಳಕಿನಲ್ಲಿ ಮಾತ್ರ ಮುತ್ತು ಆರಿಸುತ್ತಿದ್ದುದು. ಮಳೆ ನಿಂತ ಮೇಲೆ ಯಾರದೋ ಕೊಡೆ ಹಿಡಿದು ಮನೆಗೆ ಬರುತ್ತಿದ್ದುದು.

ಆಸ್ಪತ್ರೆಗೆ ಹೋಗುವ ಗುರುವಾರ ಬೆಳಿಗ್ಗೆ ಆರಕ್ಕೆ ಕೊನೆಯ ಎಳೆ ಮುಗಿಯುತ್ತದೆ. ಏಳಕ್ಕೆ ಟ್ಯಾಕ್ಸಿ. ಇವತ್ತು ಪ್ಯಾಂಟುಗಳಿಲ್ಲ, ಯಂತ್ರಕ್ಕೆ ಬಟ್ಟೆ ಮುಚ್ಚಿದೆ. ಆರು ತುಂಡುಗಳನ್ನು ಮಡಿಸಿ, ಅದರ ಮೇಲೆ ಕಪ್ಪು ಕೊಡೆಯನ್ನೂ ಇಟ್ಟು ಅವರ ಮುಂದೆ ಸರಿಸುತ್ತೇನೆ.

"ಹೆಸ್ಕೆಲ್ ಎರವಲು ತಗೊಂಡಿದ್ದು, ಖಾಲಾ."

ಅವರು ಕೊಡೆಯನ್ನು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಒಂದೊಂದೇ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆಯುತ್ತಾರೆ. ತುಂಬ ಹೊತ್ತು ಹಿಡಿಯುತ್ತದೆ. ಬಂದರಿನಲ್ಲಿ ಹಡಗೊಂದು ಕೂಗುತ್ತದೆ.

"ಗಂಟಿಲ್ಲ," ಎನ್ನುತ್ತಾರೆ. "ಎಡತೋಳು ಸ್ವಲ್ಪ ಡೊಂಕು."

"ಬಿಚ್ಚಿ ಹಾಕ್ಲಾ?"

"ಬೇಡ. ಇರ್ಲಿ. ಅವನ ಟೋಪೀದೂ ಡೊಂಕೇ ಇತ್ತಲ್ಲ."

ಉಡುಪನ್ನು ಅವರೇ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು ಬಾಗಿಲು ಹಾಕಿ, ಬೀಗದ ಕೈಯನ್ನು ನನಗೆ ಕೊಡುತ್ತಾರೆ. ಕೋಟು ತೊಡಿಸುತ್ತೇನೆ. ತೋಳು ಮೋಟು, ಮಣಿಕಟ್ಟು ಹೊರಗೇ ಉಳಿಯುತ್ತದೆ. ನಮ್ಮ ಪುಟದ ವಾಡಿಕೆಯಂತೆ, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

ಮೆಟ್ಟಿಲಿಳಿಯುತ್ತ ನಿಲ್ಲುತ್ತಾರೆ.

"ಬರ್ಕೋ. ನಾನು ವಾಪಸ್ ಬಂದ್ರೂ ಸರಿ, ಬರದಿದ್ರೂ ಸರಿ. ನನಗಿಂತ ಮೊದಲು ಆ ಬಟ್ಟೆ ಇನ್ಯಾರಿಗೂ ಬೇಕಾಗಬಾರದು."