ಅತ್ತಿಗೆ ಮುಚ್ಚಿದ ಗೀರುಗಳು

ಹಳೆಯ ರೇಡಿಯೊ ರಿಪೇರಿಯ ಆ ಅಂಗಡಿಯಲ್ಲಿ ಎರಡು ಮೇಜುಗಳಿದ್ದವು. ಒಳಗಿನದು ಮೈದುನನದು, ವಾಲ್ವು, ತಂತಿ, ಬೆಸುಗೆಯ ಹೊಗೆ ಎಲ್ಲ ಅವನ ಪಾಲು. ಬಾಗಿಲ ಬೆಳಕು ಬೀಳುವ ಮೇಜು ಅತ್ತಿಗೆಯದು. ರೇಡಿಯೊದ ಹೊಟ್ಟೆಯೊಳಗೆ ಏನಿದೆಯೆಂದು ಆಕೆಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಮೈದುನ ಜೀವ ತುಂಬಿ ಕೊಟ್ಟದ್ದಕ್ಕೆ ಮುಖ ತೊಳೆದು ಕಳೆ ತರುವುದಷ್ಟೇ ಆಕೆಯ ಕೆಲಸ. ಅವನು ಬಾಯ್ತುಂಬ ಅತ್ತಿಗೆ ಎನ್ನುತ್ತಿದ್ದುದನ್ನು ಕೇಳಿ ಕೇಳಿ ಗಿರಾಕಿಗಳೂ ಹಾಗೇ ಕರೆಯತೊಡಗಿದ್ದರು. ಹಲ್ಲು ಬಿದ್ದ ಮುದುಕರಿಗೂ ಆಕೆ ಅತ್ತಿಗೆಯೇ.

ಆಕೆ ಅಂಗಡಿಗೆ ಬಂದದ್ದು ಗಂಡ ತೀರಿಕೊಂಡ ಮೇಲೆ. ಅಣ್ಣತಮ್ಮಂದಿರಲ್ಲಿ ಅಣ್ಣ ಮಾತುಗಾರ, ತಮ್ಮ ಕೆಲಸಗಾರ. ಮಾತುಗಾರ ಹೋದ ಮೇಲೆ ಯಾರಾದರೂ ಗಿರಾಕಿ ಬಂದರೆ ತಮ್ಮ ತಲೆಯನ್ನು ರೇಡಿಯೊದೊಳಗೆ ಇನ್ನಷ್ಟು ತೂರಿಸಿಕೊಳ್ಳುತ್ತಿದ್ದ. ಹೀಗೇ ಬಿಟ್ಟರೆ ಅಂಗಡಿಗೆ ಬೀಗ ಬೀಳುತ್ತದೆಂದು ಅತ್ತಿಗೆ ಬಂದು ಬಾಗಿಲ ಬಳಿ ಕೂತಳು. ಕೂತವಳ ಕೈ ಸುಮ್ಮನಿರಲಿಲ್ಲ. ರಿಪೇರಿಯಾದ ರೇಡಿಯೊಗಳು ಮೈತುಂಬ ಧೂಳು, ಜಿಡ್ಡು ಹೊತ್ತುಕೊಂಡೇ ಮನೆಗೆ ಹೋಗುವುದನ್ನು ಕಂಡು ಆಕೆಗೆ ತಡೆಯಲಾಗಲಿಲ್ಲ. ಗುಂಡಿಗಳನ್ನು ಕಳಚಿ ಸಾಬೂನು ನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅವುಗಳ ಏಣುಗಳ ಸಂದಿ ಸಂದಿ ತಿಕ್ಕಿದಳು.

"ಹಾಡಿದ್ರೆ ಸಾಕಲ್ವಾ ಅತ್ತಿಗೆ, ಅದಕ್ಕೆ ಸ್ನಾನ ಯಾಕೆ?" ಎಂದಿದ್ದ ಮೈದುನ.

ಎಡವಟ್ಟುಗಳೂ ಆದವು. ಒಮ್ಮೆ ಸ್ಟೇಷನ್ನುಗಳ ಹೆಸರಿರುವ ಗಾಜನ್ನು ಒಳಬದಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಕ್ಷರಗಳೆಲ್ಲ ಬಟ್ಟೆಗೇ ಬಂದುಬಿಟ್ಟವು. ಮೈದುನ ಬೈಯಲಿಲ್ಲ. ಸಂಜೆಯವರೆಗೂ ಮಾತೇ ಆಡಲಿಲ್ಲ, ಅದು ಬೈಗುಳಕ್ಕಿಂತ ಭಾರವಾಗಿತ್ತು. ಆಕೆ ಸಣ್ಣ ಕುಂಚ ಹಿಡಿದು ಗಾಜಿನ ಒಳಬದಿಗೆ ಊರುಗಳ ಹೆಸರನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಬರೆದು ಬರೆದು ಕಲಿತಳು. ಹಿಂದಿನ ಓಣಿಯಲ್ಲಿ ಬೀರು ಮಂಚಗಳಿಗೆ ಪಾಲಿಶ್ ಹೊಡೆಯುತ್ತಿದ್ದ ಮುದುಕನ ಬಳಿ ಹೋಗಿ, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುವುದು, ಬಟ್ಟೆಯೊಳಗೆ ಹತ್ತಿಯ ಉಂಡೆ ಕಟ್ಟಿ ಕೈ ನಿಲ್ಲಿಸದೆ ಸುತ್ತಿ ಸುತ್ತಿ ಹಚ್ಚುವುದು, ಮರದ ಪುಡಿಯನ್ನು ಅರಗಿನಲ್ಲಿ ಕಲಸಿ ಗಾಯಗಳಿಗೆ ಮೆತ್ತುವುದು ಎಲ್ಲ ಕಲಿತಳು. ಆ ಮುದುಕ ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದ: ನಾಳೆ ಬಿಚ್ಚಬೇಕು ಅನ್ನಿಸಿದರೆ ಬಿಚ್ಚಿ ಬರುವಂಥದ್ದನ್ನೇ ಹಾಕು, ಮರಕ್ಕೆ ಬೀಗ ಹಾಕಬೇಡ. ವರ್ಷಗಳು ಕಳೆದಂತೆ ಮೈದುನನ ರಿಪೇರಿಗಿಂತ ಅತ್ತಿಗೆಯ ಕೈಗುಣಕ್ಕೇ ಹೆಚ್ಚು ಜನ ಬರತೊಡಗಿದರು. ಅವನಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಮಾತಾಡುವ ಕಾಟ ತಪ್ಪಿತಲ್ಲ.

ಹೀಗಿರುವಾಗ ಹಲೋ ತಾತನ ಮಗಳು ಒಂದು ರೇಡಿಯೊ ತಂದಳು. ಹಲೋ ತಾತನನ್ನು ಆ ಬೀದಿಯಲ್ಲಿ ಅರಿಯದವರಿಲ್ಲ. ಹುಟ್ಟಿನಿಂದಲೇ ಕಣ್ಣು ಕಾಣದ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಜಗಲಿಯ ಮೇಲೆ ಕೂತು, ಹೆಜ್ಜೆ ಸಪ್ಪಳದ ಮೇಲೆಯೇ ಜನರನ್ನು ಗುರುತಿಸಿ ಎಲ್ಲರಿಗೂ ಹಲೋ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಮನೆಗೆ ಸುಣ್ಣಬಣ್ಣ ಆಗಿದೆ, ಎಲ್ಲದರ ನಡುವೆ ಈ ರೇಡಿಯೊ ಒಂದೇ ದೆವ್ವದ ಹಾಗೆ ಕೂತಿದೆ ಎಂದಳು ಮಗಳು. ಸ್ವಲ್ಪ ತಡೆದು, ಅಪ್ಪನಿಗೆ ಕಾಣುವುದಿಲ್ಲವೆಂದೇ ನಾವು ಹೀಗೆ ಕೊಳಕಾಗಿ ಬಿಟ್ಟಿದ್ದೇವೆ ಎಂದು ತಿಥಿಗೆ ಬಂದವರು ತಿಳಿಯುತ್ತಾರೆ, ಅದೇ ನನಗೆ ಸಂಕಟ ಎಂದಳು. ಅಪ್ಪನಿಗೆ ರಿಪೇರಿಗೆ ಎಂದಷ್ಟೇ ಹೇಳಿ ತಂದಿದ್ದಳು.

ಅದೊಂದು ಪುಟ್ಟ ಮರದ ಪೆಟ್ಟಿಗೆ. ಅಡುಗೆಮನೆಯ ಹೊಗೆ, ಜಿಡ್ಡು ಪದರ ಪದರವಾಗಿ ಕೂತು ಮರ ಕಪ್ಪಿಟ್ಟಿತ್ತು. ಸ್ಪೀಕರಿನ ಮುಂದಿನ ಬಟ್ಟೆ ಜಾಳುಜಾಳಾಗಿತ್ತು. ಸ್ಟೇಷನ್ ಹಿಡಿಯುವ ಗುಂಡಿಯ ಸುತ್ತ ಮರದ ಮೇಲೆ ಗೀರುಗಳು. ತುಂಟ ಮಗುವೊಂದು ಚಾಕು ಹಿಡಿದು ಆಡಿದಂತೆ ಒಂದೊಂದು ಒಂದೊಂದು ಆಳ. ಗುಂಡಿಯ ಅಂಚಿನಲ್ಲೂ ಒಂದು ಕಚ್ಚು. ಅತ್ತಿಗೆಗೆ ಆ ಗೀರುಗಳನ್ನು ಕಂಡು ಅಯ್ಯೋ ಎನ್ನಿಸಿತು. ಜಿಡ್ಡು ತೆಗೆದು, ಬಟ್ಟೆ ಬದಲಿಸಿ, ಗೀರುಗಳಿಗೆ ಮರದ ಬಣ್ಣಕ್ಕೆ ಬಣ್ಣ ಕೂಡಿಸಿ ಅರಗು ಮೆತ್ತಿ, ನಯಗೊಳಿಸಿ, ಮೇಲೆ ಪಾಲಿಶ್ ಕೊಟ್ಟಳು. ಗುಂಡಿಯ ಕಚ್ಚನ್ನೂ ಕರಿಯ ಅರಗಿನಿಂದ ತುಂಬಿದಳು. ಮೈದುನ ದೀಪ ಹಿಡಿದು ಹುಡುಕಿದರೂ ಒಂದು ಗೀರು ಸಿಗಲಿಲ್ಲ. ಆಕೆಗೆ ಒಳಗೊಳಗೇ ಹಿಗ್ಗು. ಮಗಳಂತೂ ರೇಡಿಯೊವನ್ನು ಎತ್ತಿಕೊಂಡು ಹೋದ ರೀತಿ ನೋಡಿದರೆ ಎಳೆಗೂಸನ್ನು ಒಯ್ಯುತ್ತಿದ್ದಾಳೆ ಎನ್ನಬೇಕು.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಕೋಲೂರಿಕೊಂಡು ಹಲೋ ತಾತನೇ ಬಂದರು. ಹಿಂದೆ ರೇಡಿಯೊ ಹಿಡಿದ ಮಗಳು, ಮುಖ ಸಣ್ಣದಾಗಿತ್ತು. ಅತ್ತಿಗೆ ಕುರ್ಚಿ ಎಳೆದು ಕೂರಿಸಿದಳು.

"ಏನೋ ಅದಲುಬದಲಾಗಿದೆ ಅನ್ಸತ್ತಮ್ಮ," ಎಂದರು ತಾತ ಮೆಲ್ಲಗೆ. "ಧ್ವನಿ ನಮ್ದೇ. ಪೆಟ್ಟಿಗೆ ನಮ್ದಲ್ಲ."

ಅದಲುಬದಲೇನೂ ಆಗಿಲ್ಲ, ನಿಮ್ಮದೇ ಪೆಟ್ಟಿಗೆ ಎಂದು ಅತ್ತಿಗೆ ಸಮಾಧಾನ ಹೇಳಿದಳು. ಮಗಳು ಮಡಿಲಿಗಿಟ್ಟ ರೇಡಿಯೊದ ಗುಂಡಿಯ ಸುತ್ತ ತಾತನ ಬೆರಳುಗಳು ಹುಡುಕುತ್ತಲೇ ಇದ್ದವು.

"ಇಲ್ಲಿ ಗೀರುಗಳಿದ್ವಲ್ಲ?"

"ಎಲ್ಲಾ ಮುಚ್ಚಿದೀನಿ ತಾತ. ಈಗ ಒಂದೂ ಕಾಣಲ್ಲ."

"ನಂಗೆ ಮೊದ್ಲೂ ಕಾಣ್ತಿರಲಿಲ್ಲ," ಎಂದರು ತಾತ. ಅದರಲ್ಲಿ ಕುಹಕವಿರಲಿಲ್ಲ.

ಆಮೇಲೆ ಅವರು ಹೇಳಿದ್ದು ಇಷ್ಟು. ರೇಡಿಯೊ ಕೊಂಡ ಹೊಸತರಲ್ಲಿ, ಗಂಡನಿಗೆ ಸ್ಟೇಷನ್ ಹುಡುಕಲು ತನ್ನನ್ನೋ ಇನ್ನೊಬ್ಬರನ್ನೋ ಕೂಗುವಂತಾಗಬಾರದೆಂದು ಹೆಂಡತಿ ತರಕಾರಿ ಹೆಚ್ಚುವ ಚಾಕುವಿನಿಂದ ಆ ಗೀರುಗಳನ್ನು ಹಾಕಿದ್ದಳು. ಗುಂಡಿಯ ಕಚ್ಚು ಯಾವ ಗೀರಿಗೆ ಎದುರಾಗಿ ಬಂದರೆ ಯಾವ ಸ್ಟೇಷನ್ ಎಂದು ಬೆರಳಿಗೇ ಗೊತ್ತಾಗುತ್ತಿತ್ತು. ವಾರ್ತೆಗೆ ಆಳದ್ದು, ನಾಟಕಕ್ಕೆ ಉದ್ದದ್ದು, ಹೀಗೆ. ಮಗಳಿಗೂ ಇದು ಹೊಸ ಸುದ್ದಿ. ಚಿಕ್ಕಂದಿನಲ್ಲಿ ತಾನೇ ಕೆರೆದು ಹಾಳುಮಾಡಿರಬೇಕು ಎಂದುಕೊಂಡಿದ್ದಳಂತೆ. ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಅತ್ತಿಗೆ ಆ ಗೋಡೆಯನ್ನೇ ನೋಡಿದಳು. ಅಲ್ಲಿ ಗಂಡ ಒರಗಿ ಕೂರುತ್ತಿದ್ದ ಜಾಗದಲ್ಲಿ ಮೊದಲು ತಲೆಯೆಣ್ಣೆಯ ಒಂದು ಕಲೆ ಇತ್ತು. ಅಂಗಡಿಗೆ ಬಂದ ಹೊಸತರಲ್ಲಿ ತಾನೇ ತಿಕ್ಕಿ ತಿಕ್ಕಿ ತೆಗೆದು, ಮೇಲೆ ಸುಣ್ಣ ಬಳಿದಿದ್ದಳು. ಅದನ್ನು ಇನ್ನು ಯಾರೂ ತಂದುಕೊಡಲಾರರು. ಆದರೆ ಅರಗಿನದು ಬೇರೆ ಮಾತು, ಅರಗು ಸ್ಪಿರಿಟ್‌ಗೆ ಕರಗುತ್ತದೆ.

"ತಾತ, ಅವರು ಹಾಕಿದ ಗೀರುಗಳು ಎಲ್ಲೂ ಹೋಗಿಲ್ಲ. ಕೆಳಗೇ ಇವೆ," ಎಂದಳು. "ಎಲ್ಲಿ ಅಂತ ನೀವು ಹೇಳ್ಬೇಕು. ನಂಗೇ ಕಾಣದ ಹಾಗೆ ಮುಚ್ಚಿಬಿಟ್ಟಿದೀನಿ."

ರೇಡಿಯೊವನ್ನು ಮೇಜಿನ ಮೇಲಿಟ್ಟು ಹಚ್ಚಿದರು. ಮೊದಲು ಗುಂಡಿಯ ಅಂಚನ್ನು ಸ್ಪಿರಿಟ್‌ನಲ್ಲಿ ಒರೆಸಿದಾಗ ಕಚ್ಚು ತೆರೆದುಕೊಂಡಿತು. ತಾತ ಕಿವಿಗೊಟ್ಟು ಗುಂಡಿ ತಿರುಗಿಸುವುದು, ಸ್ಟೇಷನ್ ಸ್ಪಷ್ಟವಾಗುತ್ತಲೇ ಕೈ ನಿಲ್ಲಿಸುವುದು, ಅತ್ತಿಗೆ ಸೂಜಿಗೆ ಹತ್ತಿ ಸುತ್ತಿ ಸ್ಪಿರಿಟ್‌ನಲ್ಲಿ ಅದ್ದಿ ಕಚ್ಚಿಗೆ ಎದುರಾದ ಜಾಗದಲ್ಲಿ ಒತ್ತುವುದು. ಪಾಲಿಶ್ ಮಂಕಾಗಿ, ಕೆಳಗಿನ ಅರಗು ಮೆತ್ತಗಾಗಿ, ಸೂಜಿ ಒಳಗಿಳಿಯುತ್ತಿತ್ತು. ಒಂದೊಂದೇ ಗೀರು ಕಣ್ಣು ಬಿಟ್ಟಿತು. ಮೈದುನ ತನ್ನ ಕೆಲಸ ಬಿಟ್ಟು ಎದ್ದು ಬಂದು ದೀಪ ಹಿಡಿದು ನಿಂತ. ಮಗಳು ಹತ್ತಿ ಹರಿದು ಹರಿದು ಕೊಡುತ್ತಿದ್ದಳು.

ಕೊನೆಗೆ ತಾತ ಗುಂಡಿಯ ಮೇಲೆ ಮತ್ತೆ ಕೈಯಿಟ್ಟರು. ಇನ್ನೊಂದು ಇತ್ತು ಎಂದರು. ಹೆಂಡತಿಯ ಮೆಚ್ಚಿನ ಹಾಡುಗಳು ಬರುತ್ತಿದ್ದ ಸ್ಟೇಷನ್ನಂತೆ. ಅದು ಮುಚ್ಚಿ ಎಷ್ಟೋ ಕಾಲವಾಗಿತ್ತು.

"ಅಲ್ಲೀಗ ಏನೂ ಬರಲ್ಲ, ಬರೀ ಸುಯ್ ಅನ್ನತ್ತೆ," ಎಂದು ಮೈದುನ ತಡೆಯಲಾರದೆ ಹೇಳಿದ.

"ಗೊತ್ತಪ್ಪ. ಆ ಸುಯ್ ಅನ್ನೋದನ್ನೇ ನಾವಿಬ್ರೂ ಕೇಳ್ತಿದ್ವಿ. ಮತ್ತೆ ಶುರುವಾದ್ರೆ ನಮಗೇ ಮೊದ್ಲು ಗೊತ್ತಾಗ್ಲಿ ಅನ್ನೋಳು."

ತಾತ ಗುಂಡಿ ತಿರುಗಿಸಿ ನಿಲ್ಲಿಸಿದರು. ಅತ್ತಿಗೆ ಸೂಜಿ ಒತ್ತಿದಳು. ಗಟ್ಟಿ ಮರ, ಇಳಿಯಲಿಲ್ಲ. ಇಲ್ಲ ತಾತ ಎಂದಳು. ಅವರು ತಲೆಯಾಡಿಸಿ, ತಪ್ಪಿದೆ, ಅವಳು ತಿರುಗಿಸುತ್ತಿದ್ದುದು ಹೀಗಲ್ಲ ಎಂದರು. ಯಾವಾಗಲೂ ದಾಟಿ ಮುಂದೆ ಹೋಗಿಬಿಡುವವಳು, ಆಮೇಲೆ ನಿಧಾನ ಹಿಂದಕ್ಕೆ ಬರುವವಳು. ಹಾಗೇ ಮಾಡಿದರು. ಗುಂಡಿ ಮುಂದೆ ಹೋಯಿತು, ಕೂದಲೆಳೆಯಷ್ಟಷ್ಟೇ ಹಿಂದೆ ಬಂತು, ನಿಂತಿತು. ಸುಯ್ ಎನ್ನುವ ಸದ್ದಿನಲ್ಲಿ ಅತ್ತಿಗೆ ಉಸಿರು ಹಿಡಿದು ಸೂಜಿಯಿಟ್ಟಳು. ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು.

ಎಲ್ಲಕ್ಕಿಂತ ಸಣ್ಣ ಗೀರು ಅದು. ಅತ್ತಿಗೆ ತಾತನ ತೋರುಬೆರಳು ಹಿಡಿದು ಅದರ ಮೇಲಿಟ್ಟಳು. ಅವರು ಗೀರಿನುದ್ದಕ್ಕೂ ಬೆರಳಾಡಿಸಿದರು. "ಇಲ್ಲಿ ಚಾಕು ಜಾರಿ ಅವಳ ಕೈಗೆ ಗಾಯ ಆಗಿತ್ತು," ಎಂದರು. "ಅದಕ್ಕೇ ಚಿಕ್ಕದು."

ಗುಂಡಿಯ ಸುತ್ತ ಪಾಲಿಶ್ ಮಂಕಾಗಿ ಬಳೆಯಂಥ ಒಂದು ಬಿಳಿಚಿದ ಗುರುತು ಉಳಿಯಿತು. ಅದನ್ನು ಮತ್ತೆ ಹೊಳಪು ಮಾಡಿಕೊಡಲೇ ಎಂದು ಅತ್ತಿಗೆ ಕೇಳಿದರೆ ಮಗಳೇ ಬೇಡವೆಂದಳು. ಬಂದವರು ಕೇಳಿದರೆ ಅಮ್ಮನ ಕೆಲಸ ಎಂದು ಹೇಳುತ್ತೇನೆ ಎಂದಳು. ಅಪ್ಪನ ಕೈ ಹಿಡಿದು ಮೆಟ್ಟಿಲಿಳಿಸಿ, ರೇಡಿಯೊವನ್ನು ಕಂಕುಳಲ್ಲಿ ಅವುಚಿಕೊಂಡು ಹೋದಳು.

ಅಂದಿನಿಂದ ಅತ್ತಿಗೆಗೆ ಒಂದು ರೂಢಿ ಬಿದ್ದಿದೆ. ರೇಡಿಯೊ ತಂದವರನ್ನು ಕೂರಿಸಿ, ಒಂದೊಂದೇ ಕಲೆ, ಸುಟ್ಟ ಗುರುತು, ಕಚ್ಚುಗಳ ಮೇಲೆ ಬೆರಳಿಟ್ಟು, ಇದನ್ನ ಬಿಡ್ಲಾ ತೆಗೀಲಾ ಎಂದು ಕೇಳುತ್ತಾಳೆ. ಪೊಲೀಸ್ ಸ್ಟೇಷನ್ನಿನಲ್ಲೂ ಇಷ್ಟು ವಿಚಾರಣೆ ನಡೆಯುವುದಿಲ್ಲ ಎಂದು ಮೈದುನ ಗೊಣಗುತ್ತಾನೆ. ಹೆಚ್ಚಿನವರಿಗೆ ಅದು ಯಾಕೆಂದೇ ತಿಳಿಯದು. ಒಬ್ಬ ಗಿರಾಕಿಯಂತೂ, ಎಲ್ಲಾ ಅಳಿಸಿಬಿಡಿ, ಮಾವನ ಮನೆಯಿಂದ ಬಂದದ್ದು ಎಂದು ಬಿದ್ದು ಬಿದ್ದು ನಕ್ಕಿದ್ದ. ಆದರೆ ನಡುನಡುವೆ ಯಾರೋ ಒಬ್ಬರು ಮಾತು ನಿಲ್ಲಿಸಿ, ಆಕೆ ಬೆರಳಿಟ್ಟ ಜಾಗವನ್ನು ತಾವೂ ಒಮ್ಮೆ ಮುಟ್ಟಿ ನೋಡುತ್ತಾರೆ. ಆಗ ಅತ್ತಿಗೆ ಆ ಜಾಗಕ್ಕೆ ಒಂದು ಚೂರು ಕಾಗದ ಅಂಟಿಸಿ, ಉಳಿದದ್ದನ್ನು ತೊಳೆಯಲು ಶುರುಮಾಡುತ್ತಾಳೆ.